ಊರಿಗಿಂತ ಹೊಲವೇ ಬಿಸಿ: ಕಲಬುರಗಿಯ ಬ್ಯಾಸಗಿ ಮೇಲಿನಿಂದ ಕಂಡಂತೆ

ಮೇ ತಿಂಗಳ ಒಂದು ದಿನ. ಕಲಬುರಗಿಯಲ್ಲಿ 43 ಡಿಗ್ರಿ ಅಂತ ಟಿವಿಯಲ್ಲಿ ಬರುತ್ತದೆ. ಅದೇ ಮಧ್ಯಾಹ್ನದ ಉಪಗ್ರಹ ನಕ್ಷೆ ತೆಗೆದರೆ ಊರಾಚೆಯ ಎರೆ ಹೊಲಗಳಲ್ಲಿ 50 ದಾಟಿರಬಹುದು. ಎರಡೂ ಸರಿಯೇ. ಟಿವಿಯದು ಗಾಳಿಯ ಲೆಕ್ಕ. ಬಿಳಿ ಪೆಟ್ಟಿಗೆಯೊಳಗೆ, ನೆರಳಲ್ಲಿ, ನೆಲದಿಂದ ನಾಲ್ಕೈದು ಅಡಿ ಮೇಲಿಟ್ಟ ಥರ್ಮಾಮೀಟರ್ ಹೇಳಿದ್ದು. ಉಪಗ್ರಹ ನೋಡುವುದು ನೆಲದ ಮೈಯನ್ನು. ಬಿಸಿಲಿಗೆ ಕಾದ ಶಹಾಬಾದ್ ಫರಸಿ ಮೇಲೆ ಬರಿಗಾಲಿಟ್ಟರೆ ಚುರ್ ಎನ್ನುತ್ತದಲ್ಲ, ಆ ಬಿಸಿ.

ಮುಟ್ಟದೆ ಅಳೆಯೋದು ಹೇಗೆ? ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ನೆನಪಿದೆ ಅಲ್ವಾ, ಅದೇ ಉಪಾಯ. ಎಲ್ಲ ವಸ್ತುಗಳೂ ಕಣ್ಣಿಗೆ ಕಾಣದ ಅವಗೆಂಪು ಕಿರಣ ಸೂಸುತ್ತವೆ. ಬಿಸಿ ಏರಿದಷ್ಟೂ ಕಿರಣ ಜಾಸ್ತಿ. 2013ರಲ್ಲಿ ಹಾರಿದ ಅಮೆರಿಕದ ಉಪಗ್ರಹ ಲ್ಯಾಂಡ್‌ಸ್ಯಾಟ್ 8, 2021ರ ಲ್ಯಾಂಡ್‌ಸ್ಯಾಟ್ 9 ಎರಡೂ 705 ಕಿಲೋಮೀಟರ್ ಎತ್ತರದಿಂದ ಈ ಕಿರಣವನ್ನು ಹಿಡಿಯುತ್ತವೆ. ಅದೂ 11 ಮತ್ತು 12 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತರಂಗಾಂತರದ ಆಸುಪಾಸಿನ ಎರಡು ಪಟ್ಟಿಗಳಲ್ಲಿ. ಎರಡು ಯಾಕೆ? ನಡುವಿನ ಗಾಳಿಯಲ್ಲಿರುವ ನೀರಾವಿ ದಾರಿಯಲ್ಲೇ ಒಂದಿಷ್ಟು ಕಿರಣ ನುಂಗುತ್ತದೆ, 12ರದ್ದನ್ನು ತುಸು ಹೆಚ್ಚು. ಎರಡರ ವ್ಯತ್ಯಾಸ ನೋಡಿದರೆ ಎಷ್ಟು ನುಂಗಿತು ಅಂತ ಲೆಕ್ಕ ಸಿಗುತ್ತದೆ. ಈ ಇಡೀ ವಿದ್ಯೆಯಲ್ಲಿ ನನಗೆ ತುಂಬಾ ಹಿಡಿಸಿದ ಜಾಣತನ ಇದು.

ಮೋಸ ಮಾಡುವುದು ತಗಡು. ಹೊಸ, ಹೊಳೆಯುವ ತಗಡು ಎಷ್ಟೇ ಕಾದರೂ ಕಿರಣ ಸೂಸುವುದು ಕಡಿಮೆ, ಆಕಾಶವನ್ನೇ ಪ್ರತಿಫಲಿಸುತ್ತದೆ. ಕೆಳಗೆ ಕೂತವರು ಬೆಂದುಹೋಗುತ್ತಿದ್ದರೂ ನಕ್ಷೆಯಲ್ಲಿ ಆ ಛಾವಣಿ ತಣ್ಣಗೆ ಕಾಣಬಹುದು.

ಇನ್ನು ಹೊಲಕ್ಕೆ ಬರೋಣ. ತೊಗರಿ, ಹಿಂಗಾರಿ ಜೋಳದ ಕಟಾವು ಮುಗಿದ ಮೇಲೆ ಎರೆ ಭೂಮಿ ಬೋಳು. ಕಪ್ಪು ಮಣ್ಣು, ಬಿಸಿಲನ್ನೆಲ್ಲ ಹೀರುತ್ತದೆ. ಆವಿಯಾಗಿ ತಂಪು ಮಾಡಲು ಪಸೆಯೇ ಇಲ್ಲ. ಒಣಮಣ್ಣು ಬಿಸಿಯನ್ನು ಆಳಕ್ಕೂ ಬಿಡುವುದಿಲ್ಲ, ಮೇಲಿನ ಪದರವೇ ಕಾಯುತ್ತದೆ. ಊರೊಳಗಾದರೆ ಬೇವಿನ ಮರ, ಗೋಡೆ ನೆರಳು, ಅಪ್ಪನ ಕೆರೆ ಇವೆ. ಹಾಗಾಗಿ ಇಂಥ ಒಣ ಸೀಮೆಯಲ್ಲಿ ಬ್ಯಾಸಗಿ ಹಗಲಿನ ನಕ್ಷೆಯಲ್ಲಿ ಹೊಲಕ್ಕಿಂತ ಊರೇ ತಂಪು ಕಾಣುವುದುಂಟು. ಅದನ್ನು ನೋಡಿ "ಕಾಂಕ್ರೀಟಿನಿಂದ ಏನೂ ಆಗಿಲ್ಲ" ಅಂದುಬಿಟ್ಟರೆ ತಪ್ಪು. ರಾತ್ರಿ ಲೆಕ್ಕ ಉಲ್ಟಾ. ಹೊಲ ಬೇಗ ಆರುತ್ತದೆ, ಕಲ್ಲು-ಕಾಂಕ್ರೀಟು ಬೆಳಗಿನ ಜಾವದವರೆಗೂ ಜಳ ಬಿಡುತ್ತಲೇ ಇರುತ್ತವೆ.

ಲ್ಯಾಂಡ್‌ಸ್ಯಾಟ್‌ನ ತಾಪ ಸಂವೇದಕಕ್ಕೆ ಒಂದು ಚುಕ್ಕಿ ಅಂದರೆ 100 ಮೀಟರ್ ಚೌಕ, ಸುಮಾರು ಎರಡೂವರೆ ಎಕರೆ. ಎರಡು ಲ್ಯಾಂಡ್‌ಸ್ಯಾಟ್‌ಗಳೂ ಸೇರಿ 8 ದಿನಕ್ಕೊಮ್ಮೆ ಬರುತ್ತವೆ, ಅದೂ ಬೆಳಿಗ್ಗೆ ಹತ್ತೂವರೆ ಸುಮಾರಿಗೆ. ಬಿಸಿಲು ಇನ್ನೂ ನೆತ್ತಿಗೇರಿರುವುದಿಲ್ಲ. ನಮ್ಮ ದೇಶದ ಹವಾಮಾನ ಉಪಗ್ರಹ ಇನ್ಸಾಟ್ ಅರ್ಧ ಗಂಟೆಗೊಮ್ಮೆ ನೋಡುತ್ತದೆ, ಆದರೆ 36,000 ಕಿಲೋಮೀಟರ್ ದೂರದಿಂದ. ಅದರ ಒಂದು ಚುಕ್ಕಿ 4 ಕಿಲೋಮೀಟರ್.

ಮಳೆಗಾಲದಲ್ಲಿ ಮೋಡ ಅಡ್ಡ ಬಂದರೆ ಕಾಣುವುದು ಮೋಡದ ನೆತ್ತಿ ಮಾತ್ರ. ಅಕ್ಟೋಬರ್‌ನಲ್ಲಿ ಆಕಾಶ ತಿಳಿಯಾದ ಮೇಲೆ ಅದೇ ಹೊಲ ತೊಗರಿ ಹೊದ್ದು ತಂಪಾಗಿರುತ್ತದೆ. ತೇವ ಸಾಲದ ಕಡೆ ಗಿಡ ಬೆವರುವುದನ್ನು ನಿಲ್ಲಿಸುತ್ತದೆ, ಎಲೆ ಬಿಸಿಯಾಗುತ್ತದೆ. ಕಣ್ಣಿಗೆ ಬಾಡಿದ್ದು ಕಾಣುವ ಮೊದಲೇ ನಕ್ಷೆಯಲ್ಲಿ ಅದು ಗೊತ್ತಾಗಬಹುದು.