ಬೀಟೆಯ ನಾಡಿನಲ್ಲಿ ಸಿಲ್ವರ್ ಓಕ್ ಕೀಸುವವರು

ಚಿಕ್ಕಮಗಳೂರಿನ ನಮ್ಮ ಮರಗೆಲಸದ ಕೂಟದಲ್ಲಿ ಈಗ ಯಾರು ಏನು ಮಾಡುತ್ತಿದ್ದಾರೆ ಎಂದು ನೋಡಿದರೆ ಒಂದು ಸಂಗತಿ ಬೇಗ ಗಮನಕ್ಕೆ ಬರುತ್ತದೆ. ನಿವೃತ್ತ ಮೇಷ್ಟರೊಬ್ಬರು ಮೊಮ್ಮಗಳಿಗೆಂದು ಮಾಡುತ್ತಿರುವ ತೊಟ್ಟಿಲು, ಬ್ಯಾಂಕ್ ಉದ್ಯೋಗಿಯೊಬ್ಬರ ಪುಸ್ತಕದ ಕಪಾಟು, ಕಾಲೇಜು ಹುಡುಗಿಯ ಅಳಗುಳಿಮಣೆ, ಎಲ್ಲವೂ ಸಿಲ್ವರ್ ಓಕ್ ಮರದವು. ಬೀಟೆ, ಹೊನ್ನೆ, ನಂದಿ, ಮತ್ತಿ ಬೆಳೆಯುವ ಬೆಟ್ಟಗಳ ಬುಡದಲ್ಲಿ ಕುಳಿತು ನಾವು ಆಸ್ಟ್ರೇಲಿಯಾದ ಮರವನ್ನು ಕೀಸುತ್ತೇವೆ. ಆ ಮರ ನಮ್ಮ ಕೈಗೆ ಬಂದದ್ದರ ಹಿಂದೆ ಕಾಫಿಯ ಚರಿತ್ರೆಯಿದೆ, ಒಂದು ಕಾಯ್ದೆಯಿದೆ, ಸುಪ್ರೀಂ ಕೋರ್ಟಿನ ಆದೇಶಗಳಿವೆ.

ಮಲೆನಾಡಿನ ಹಳೆಯ ತೊಟ್ಟಿಮನೆಗಳನ್ನು ಕಂಡವರಿಗೆ ಹಿಂದಿನ ಮರದ ಸಮೃದ್ಧಿಯನ್ನು ವಿವರಿಸಬೇಕಿಲ್ಲ. ಒಂದೊಂದು ಕಂಬಕ್ಕೂ ಒಂದೊಂದು ಇಡೀ ಮರ. ಹೊಸಿಲಿಗೆ ಒಂದು ಜಾತಿ, ತೊಲೆಗೆ ಇನ್ನೊಂದು, ಮಣೆಗೆ ಹಲಸು. ಯಾವ ಮರ ಯಾವುದಕ್ಕೆ ಆಗುತ್ತದೆ ಎಂಬುದು ಊರಿನ ಆಚಾರರಿಗೆ ಕೈಯಲ್ಲೇ ಗೊತ್ತಿತ್ತು. ನಮ್ಮ ಕೂಟದವರು ಉಳಿ ಹಿಡಿಯುವುದನ್ನು, ಅದಕ್ಕಿಂತ ಮುಖ್ಯವಾಗಿ ಉಳಿ ಮಸೆಯುವುದನ್ನು ಕಲಿತದ್ದು ಅಂಥವರಿಂದಲೇ. ಆದರೆ ಅವರು ಹೆಸರು ಹಿಡಿದು ಹೇಳುವ ಮರಗಳಲ್ಲಿ ಅರ್ಧದಷ್ಟನ್ನು ನಾವು ಹಳೆಯ ಬಾಗಿಲುಗಳಲ್ಲಿ ಮಾತ್ರ ನೋಡಿದ್ದೇವೆ.

ಕಾಫಿಗೆ ನೆರಳು ಬೇಕು, ಅರೇಬಿಕಾಕ್ಕಂತೂ ಹೆಚ್ಚಾಗಿಯೇ ಬೇಕು. ಮೊದಮೊದಲು ಕಾಡಿನ ದೊಡ್ಡ ಮರಗಳನ್ನು ಅಲ್ಲಲ್ಲಿ ಉಳಿಸಿಕೊಂಡು ಅವುಗಳ ಕೆಳಗೆ ಹಾಲುವಾಣ ನೆಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಕಾಲದ ತೋಟಗಳಿಗೆ ಬಂದ ಸಿಲ್ವರ್ ಓಕ್ ನಿಧಾನವಾಗಿ ಬೇರೂರಿತು. ಬೇಗ ಬೆಳೆಯುತ್ತದೆ, ಗಾಳಿ ತಡೆಯುತ್ತದೆ, ನೆರಳು ತೆಳು. ಕಾಂಡ ನೆಟ್ಟಗಿರುವುದರಿಂದ ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಹೇಳಿ ಮಾಡಿಸಿದ ಮರ. ಇಷ್ಟೇ ಆಗಿದ್ದರೆ ಅದು ಹಲವು ಮರಗಳಲ್ಲಿ ಒಂದಾಗಿ ಉಳಿಯುತ್ತಿತ್ತು.

ಅದನ್ನು ಎಲ್ಲಕ್ಕಿಂತ ಮೇಲೆ ಕೂರಿಸಿದ್ದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ವಂತ ಜಮೀನಿನ ಮರವನ್ನಾದರೂ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆಂದು ಅದು ಹೇಳಿತು. ಉದ್ದೇಶ ಒಳ್ಳೆಯದು, ಅಂದಿನ ಅಗತ್ಯವೂ ಹೌದು. ಆದರೆ ಸಿಲ್ವರ್ ಓಕ್, ನೀಲಗಿರಿ, ಸರ್ವೆ, ತೆಂಗು ಮುಂತಾದವಕ್ಕೆ ಆ ಅನುಮತಿಯಿಂದ ವಿನಾಯಿತಿ ಸಿಕ್ಕಿತು. ಬೆಳೆಗಾರನ ಜಾಗದಲ್ಲಿ ನಿಂತು ಯೋಚಿಸಿ. ಬೀಟೆ ಸಸಿ ನೆಟ್ಟರೆ ಅದರ ಒಳಗಿನ ಕಪ್ಪು ತಿರುಳು ಬಲಿಯುವುದು ಮೊಮ್ಮಕ್ಕಳ ಕಾಲಕ್ಕೆ. ಆಗಲೂ ಅರ್ಜಿ, ಮಹಜರು, ಸುತ್ತಿಗೆ ಮುದ್ರೆ, ಸಾಗಣೆ ರಹದಾರಿ ಎಂದು ಅಲೆಯಬೇಕು. ಸಿಲ್ವರ್ ಓಕ್ ನೆಟ್ಟರೆ ಮಗಳ ಮದುವೆಗೋ ಮನೆ ದುರಸ್ತಿಗೋ ಹಣ ಬೇಕಾದಾಗ ಕಡಿದು ಪ್ಲೈವುಡ್ ಕಾರ್ಖಾನೆಗೆ ಕಳಿಸಬಹುದು. ತಾನಾಗಿ ಹುಟ್ಟಿದ ಬೀಟೆ ಸಸಿಯನ್ನು ಕಳೆ ಕೀಳುವಾಗಲೇ ಕಿತ್ತುಹಾಕುವ ತೋಟಗಳಿವೆ, ಬೆಳೆದ ಮೇಲೆ ಅದು ತಮ್ಮದಾಗಿ ಉಳಿಯದು ಎಂಬ ಅಂಜಿಕೆಯಿಂದ. ಮರ ಉಳಿಸಲೆಂದು ಮಾಡಿದ ಕಾಯ್ದೆ ಹೀಗೆ ತೋಟಗಳಲ್ಲಿ ನಾಡಮರಗಳ ಜಾಗವನ್ನು ಹೊರಗಿನ ಮರಕ್ಕೆ ಬಿಟ್ಟುಕೊಟ್ಟಿತು. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಮುಂದಿನ ತಿರುವು ನ್ಯಾಯಾಲಯದಿಂದ ಬಂತು. ನೀಲಗಿರಿ ಜಿಲ್ಲೆಯ ಗೂಡಲೂರಿನ ಕಾಡುಗಳ ಬಗ್ಗೆ ಟಿ. ಎನ್. ಗೋದಾವರ್ಮನ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶ ದೇಶದ ಕಾಡುಗಳಲ್ಲಿ ಮರ ಕಡಿತಕ್ಕೆ ಕಡಿವಾಣ ಹಾಕಿತು. ತಾನೇ ರಚಿಸಿದ ಕೇಂದ್ರ ಉನ್ನತಾಧಿಕಾರ ಸಮಿತಿಯ ಪೂರ್ವಾನುಮತಿ ಇಲ್ಲದೆ ರಾಜ್ಯಗಳು ಹೊಸ ಸಾಮಿಲ್‌ಗೆ ಅವಕಾಶ ಕೊಡಕೂಡದು ಎಂದು ಕೋರ್ಟ್ 2002ರಲ್ಲಿ ಹೇಳಿತು. ಕಾಡಿನ ಮಟ್ಟಿಗೆ ಈ ಆದೇಶಗಳು ದೊಡ್ಡ ಉಪಕಾರ ಮಾಡಿವೆ. 2017ರಿಂದ ಬೀಟೆ ಸೇರಿದ ಡಾಲ್ಬರ್ಜಿಯಾ ಕುಲದ ಮರಗಳು ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೂ ಬಂದವು.

ನಾಡಮರಗಳ ದಾರಿ ಹೀಗೆ ಕಿರಿದಾಗಿ ನಮ್ಮ ಕೈಗೆ ಸಿಕ್ಕ ಸಿಲ್ವರ್ ಓಕನ್ನು ಕೀಳು ಮರವೆಂದು ನೋಡುವವರೇ ಹೆಚ್ಚು. ಪೆಟ್ಟಿಗೆಗೆ, ಸೆಂಟ್ರಿಂಗ್ ಹಲಗೆಗೆ, ಪ್ಲೈವುಡ್ಡಿಗೆ ಸಾಕು ಎನ್ನುತ್ತಾರೆ. ನಾವು ಒಪ್ಪುವುದಿಲ್ಲ. ದಿಮ್ಮಿಯನ್ನು ಸಾಮಿಲ್‌ನವರು ರೂಢಿಯಂತೆ ಅಡ್ಡಡ್ಡ ಪದರವಾಗಿ ಸೀಳಿದರೆ ಮರ ಸಪ್ಪೆಯಾಗಿ ಕಾಣುತ್ತದೆ, ನಿಜ. ಬಂಡಿಚಕ್ರದ ಅರೆಕಾಲುಗಳ ಹಾಗೆ ನಡುವಿನಿಂದ ತೊಗಟೆಯ ಕಡೆಗೆ ಸೀಳಿಸಿದರೆ ಹಲಗೆಯ ಮುಖದಲ್ಲಿ ಹೊಳೆಯುವ ಚುಕ್ಕೆ ಪಟ್ಟೆಗಳು ಏಳುತ್ತವೆ, ಹಲಗೆ ತಿರುಚಿಕೊಳ್ಳುವುದೂ ಕಡಿಮೆ. ಮರ ಹೆಚ್ಚು ವ್ಯರ್ಥವಾಗುವುದರಿಂದ ಸಾಮಿಲ್‌ನವರನ್ನು ಒಪ್ಪಿಸುವುದು ಸುಲಭವಲ್ಲ. ಕೂಟದ ಸದಸ್ಯರು ಸೇರಿ ಒಂದೇ ದಿಮ್ಮಿ ಕೊಳ್ಳಲು ಶುರು ಮಾಡಿದ ಕಾರಣ ಇದೇ.

ಸಿಲ್ವರ್ ಓಕಿನ ಸಸಿ, ಎಲೆ, ಮರದ ಪುಡಿ ಕೆಲವರ ಮೈಗೆ ಒಗ್ಗುವುದಿಲ್ಲ, ತುರಿಕೆ ಏಳುತ್ತದೆ. ಉಜ್ಜುವಾಗ ಮುಖಗವಸು, ಪೂರ್ಣ ತೋಳಿನ ಅಂಗಿ ಕಡ್ಡಾಯ. ಹೊರಗೆ ಮಳೆಗೆ ಇಟ್ಟರೆ ಬಾಳುವುದಿಲ್ಲ, ಬೇಗ ಹುಳು ಹಿಡಿಯುತ್ತದೆ. ಒಣಗಿಸುವುದಂತೂ ಮಲೆನಾಡಿನಲ್ಲಿ ಒಂದು ತಪಸ್ಸು. ಹಲಗೆಗಳ ನಡುವೆ ಪಟ್ಟಿ ಇಟ್ಟು ಗಾಳಿಯಾಡುವಂತೆ ಪೇರಿಸಿ, ಒಂದಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಕಾಯಬೇಕು. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಮೇಜಿನ ಖಾನೆ ಜುಲೈ ತಿಂಗಳಲ್ಲಿ ಹೊರಬರುವುದೇ ಇಲ್ಲ. ಆದ್ದರಿಂದ ಅಗಲದಲ್ಲಿ ಹಿಗ್ಗಲು ಕುಗ್ಗಲು ಜಾಗ ಬಿಟ್ಟು ಜೋಡಿಸುವುದೇ ಹೊಸ ಸದಸ್ಯರಿಗೆ ಮೊದಲ ಪಾಠ.

ಕಾಫಿ ಗಿಡದ ಕಾಂಡವೂ ನಮಗೆ ಪ್ರಿಯ. ಗಟ್ಟಿ, ನಯ, ಕಡೆಯಲು ಚೆಂದ. ಸೌಟು, ಉಳಿಯ ಹಿಡಿ, ಕಡಗೋಲು ಅದರಲ್ಲೇ ಆಗುತ್ತವೆ. ಹಸಿಯಿದ್ದಾಗಲೇ ತುದಿಗೆ ಮೇಣವನ್ನೋ ಬಣ್ಣವನ್ನೋ ಬಳಿಯದಿದ್ದರೆ ಸೀಳುತ್ತದೆ. ಬಿಳಿ ಕಾಂಡ ಕೊರಕ ಹುಳು ಹೊಕ್ಕ ಗಿಡವನ್ನು ಮಾತ್ರ ಮನೆಗೆ ತರುವುದಿಲ್ಲ. ಅದನ್ನು ಕಿತ್ತು ಸುಡುವುದೇ ಸರಿ.

ಬೀಟೆಯ ವಿಷಯಕ್ಕೆ ಬಂದರೆ, ಕೆಡವಿದ ಮನೆಯ ಕಂಬ, ಮುರಿದ ಮಂಚದ ಕಾಲುಗಳೇ ನಮ್ಮ ಪಾಲಿಗೆ. ಎಲ್ಲಿಂದ ಬಂತೆಂದು ಹೇಳಲಾಗದ ಮರವನ್ನು ಕೂಟಕ್ಕೆ ತರಬಾರದೆಂಬ ನಿಯಮವಿದೆ, ಅದರಲ್ಲಿ ರಿಯಾಯಿತಿ ಇಲ್ಲ.

ಇದು ಹೀಗೆಯೇ ಇರಬೇಕೆಂದೇನೂ ಇಲ್ಲ. 1792ರಲ್ಲಿ ಟಿಪ್ಪು ರಾಜವೃಕ್ಷವೆಂದು ಸಾರಿದ ಶ್ರೀಗಂಧದ ಮೇಲೆ ಸರ್ಕಾರದ ಹಿಡಿತ ಎರಡು ಶತಮಾನ ಮುಂದುವರಿಯಿತು, ರೈತರು ಅದರ ಗೊಡವೆಗೇ ಹೋಗಲಿಲ್ಲ. 2001ರ ತಿದ್ದುಪಡಿ ಬೆಳೆದವನಿಗೇ ಮರದ ಒಡೆತನ ಕೊಟ್ಟ ಮೇಲೆ ಹೊಲಗಳಲ್ಲಿ ಶ್ರೀಗಂಧ ನೆಡುವವರು ಕಾಣಿಸಿಕೊಂಡರು. ಕಳ್ಳತನದ ಭಯ ಇನ್ನೂ ಇದೆ, ಮಾರಾಟದ ತೊಡಕುಗಳೂ ಇವೆ. ಆದರೂ ದಾರಿ ತೆರೆದಿದೆ. ಬೀಟೆ, ಹೊನ್ನೆ, ನಂದಿಗೂ ಅಂಥದ್ದೇ ಏರ್ಪಾಡು ಬೇಕು: ನೆಟ್ಟಾಗಲೇ ಪಹಣಿಯಲ್ಲಿ ದಾಖಲಾಗಲಿ, ಬಲಿತ ಮೇಲೆ ನಿಗದಿತ ಅವಧಿಯೊಳಗೆ ಕಡಿಯುವ ಅನುಮತಿ ಸಿಗಲಿ, ಒಂದು ಕಡಿದವನು ಹಲವು ನೆಡುವುದು ಕಡ್ಡಾಯವಾಗಲಿ. ಕಾಡಿನೊಳಗಿನ ಮರದ ಒಂದು ಕೊಂಬೆಯೂ ಇದಕ್ಕೆ ಬೇಕಾಗಿಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ತೋಟಗಳಲ್ಲಿ ನಾಡಮರಗಳಿಗೆ ಬೇಕಾದಷ್ಟು ಜಾಗವಿದೆ.