ಒಂಬತ್ತರ ಗುಟ್ಟು ಅದರ ಹೆಸರಿನಲ್ಲೇ ಇದೆ

ಪ್ರಶ್ನೆ: ಯಾವ ಸಂಖ್ಯೆಯನ್ನು ಒಂಬತ್ತರಿಂದ ಗುಣಿಸಿದರೂ ಬಂದ ಅಂಕಿಗಳನ್ನು ಕೂಡುತ್ತಾ ಹೋದರೆ ಕೊನೆಗೆ ಒಂಬತ್ತೇ ಉಳಿಯುತ್ತದೆ. ಜಪಮಾಲೆಯ 108, ಯುಗಗಳ ವರ್ಷಗಳು, ಅಕ್ಷೌಹಿಣಿಯ ಲೆಕ್ಕ, ಎಲ್ಲದರಲ್ಲೂ ಅದೇ ಒಂಬತ್ತು. ಇದರ ಹಿಂದೆ ದೈವಿಕ ರಹಸ್ಯ ಇರಲೇಬೇಕಲ್ಲವೇ?

ಉತ್ತರ: ಮೊದಲು ಒಂದು ಚಿಕ್ಕ ಕೆಲಸ ಮಾಡಿ. ಕೈಯಲ್ಲಿ 234 ರೂಪಾಯಿ ಇದೆ ಎಂದುಕೊಳ್ಳಿ: ನೂರರ ಎರಡು ನೋಟು, ಹತ್ತರ ಮೂರು, ಒಂದು ರೂಪಾಯಿಯ ನಾಲ್ಕು ನಾಣ್ಯ. ಇದನ್ನು ಒಂಬತ್ತು ಜನರಿಗೆ ಸಮನಾಗಿ ಹಂಚಬೇಕು. ನೂರರ ಒಂದು ನೋಟನ್ನು ಚಿಲ್ಲರೆ ಮಾಡಿಸಿ ಹಂಚಿದರೆ ತಲೆಗೆ ಹನ್ನೊಂದು ರೂಪಾಯಿ, ನಿಮ್ಮ ಕೈಯಲ್ಲಿ ಒಂದು ರೂಪಾಯಿ ಉಳಿಯಿತು. ಹತ್ತರ ನೋಟನ್ನು ಹಂಚಿದರೆ ತಲೆಗೆ ಒಂದು, ಮತ್ತೆ ಕೈಯಲ್ಲಿ ಒಂದೇ ರೂಪಾಯಿ. ಸಾವಿರದ ನೋಟಿದ್ದರೂ ಉಳಿಯುವುದು ಒಂದೇ. ಅಂದರೆ ಎಷ್ಟು ನೋಟುಗಳಿವೆಯೋ ಅಷ್ಟೇ ರೂಪಾಯಿ ಬಾಕಿ: ಎರಡು, ಮೂರು, ನಾಲ್ಕು, ಕೂಡಿದರೆ ಒಂಬತ್ತು. ಅಂಕಿಗಳನ್ನು ಕೂಡುವುದು ಎಂದರೆ ಹೀಗೆ ಹಂಚಿ ಉಳಿದ ಬಾಕಿಯನ್ನು ಎಣಿಸುವುದು, ಅಷ್ಟೇ. ಮೂಲ ಮೊತ್ತ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವಂಥದ್ದಾದರೆ ಈ ಬಾಕಿಯೂ ಹಾಗೆಯೇ ಭಾಗವಾಗಲೇಬೇಕು.

ಗುಟ್ಟು ಇರುವುದು ಒಂಬತ್ತು ಹತ್ತಕ್ಕಿಂತ ಒಂದು ಕಡಿಮೆ ಎಂಬುದರಲ್ಲಿ. ನಮ್ಮ ಭಾಷೆ ಇದನ್ನು ಎಂದೋ ಹೇಳಿಬಿಟ್ಟಿದೆ. ಹಳಗನ್ನಡದಲ್ಲಿ ಹತ್ತು ಎಂದರೆ ಪತ್ತು. ಅದಕ್ಕೆ ಒಂದು ಕಡಿಮೆಯಾದದ್ದು ಒಂಬತ್ತು. ನಮ್ಮ ಕೈಗಳಲ್ಲಿ ಹತ್ತು ಬೆರಳುಗಳಿರುವುದರಿಂದ ನಾವು ಹತ್ತು ಹತ್ತಾಗಿ ಎಣಿಸುತ್ತೇವೆ, ಹಾಗಾಗಿ ಒಂಬತ್ತಕ್ಕೆ ಈ ಮರ್ಯಾದೆ. ಎಂಟೇ ಬೆರಳಿದ್ದು, ಎಂಟು ಎಂಟರ ಕಟ್ಟು ಕಟ್ಟಿ ಬರೆಯುತ್ತಿದ್ದರೆ, ಏಳೆರಡಲ ಹದಿನಾಲ್ಕನ್ನು 16 ಎಂದು ಬರೆಯಬೇಕಾಗುತ್ತಿತ್ತು (ಎಂಟರ ಒಂದು ಕಟ್ಟು, ಬಿಡಿ ಆರು), ಏಳ್ಮೂರಲ ಇಪ್ಪತ್ತೊಂದನ್ನು 25 ಎಂದು. ಕೂಡಿ ನೋಡಿ, ಎರಡೂ ಏಳು! ಆಗ ನೀವು ನನಗೆ ಏಳರ ಮಹಿಮೆ ಕುರಿತು ಪತ್ರ ಬರೆಯುತ್ತಿದ್ದಿರಿ.

ಇನ್ನು ಯುಗಗಳ ಲೆಕ್ಕ. ಇದು ನನಗೆ ಬಹಳ ಇಷ್ಟದ ಭಾಗ, ಏಕೆಂದರೆ ಇಲ್ಲಿ ಆಕಸ್ಮಿಕವೂ ಇಲ್ಲ, ಪವಾಡವೂ ಇಲ್ಲ. ಕಲಿಯುಗಕ್ಕೆ 4,32,000 ವರ್ಷ, ದ್ವಾಪರಕ್ಕೆ 8,64,000, ತ್ರೇತಾಯುಗಕ್ಕೆ 12,96,000, ಕೃತಯುಗಕ್ಕೆ 17,28,000. ಯಾವುದನ್ನು ಕೂಡಿದರೂ ಒಂಬತ್ತು. ಆದರೆ ಈ ಸಂಖ್ಯೆಗಳು ಹುಟ್ಟಿದ್ದು ಹೇಗೆ? ದೇವತೆಗಳ ಒಂದು ದಿನ ನಮಗೆ ಒಂದು ವರ್ಷ. ಅವರ ವರ್ಷಕ್ಕೂ 360 ದಿನ. ಕಲಿಯುಗ ಅವರ 1,200 ವರ್ಷ. 1,200ನ್ನು 360ರಿಂದ ಗುಣಿಸಿದರೆ 4,32,000. 360 ಎಂದರೆ ಒಂಬತ್ತು ನಲವತ್ತಲ. ಹಾಗಾಗಿ ಕಲಿಯುಗಕ್ಕೆ 1,200ರ ಬದಲು 1,300 ದಿವ್ಯವರ್ಷ ಎಂದಿದ್ದರೂ ಕೂಡಿದಾಗ ಒಂಬತ್ತೇ ಬರುತ್ತಿತ್ತು. ವರ್ಷವನ್ನು 360 ದಿನಗಳಾಗಿ ಅಳೆದ ಕೂಡಲೇ ಒಂಬತ್ತು ಒಳಗೆ ಬಂದು ಕೂತಾಯಿತು.

ಅಕ್ಷೌಹಿಣಿಯದು ಇನ್ನೂ ಸೊಗಸು. ಅತ್ಯಂತ ಚಿಕ್ಕ ತುಕಡಿಯ ಹೆಸರು ಪತ್ತಿ: ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು. ಮೂರು ಪತ್ತಿ ಸೇರಿ ಸೇನಾಮುಖ, ಮೂರು ಸೇನಾಮುಖ ಸೇರಿ ಗುಲ್ಮ, ಹೀಗೆ ಗಣ, ವಾಹಿನಿ, ಪೃತನಾ, ಚಮೂ, ಅನೀಕಿನಿ ಎಂದು ಏಳು ಸಲ ಮೂರು ಪಟ್ಟಾಗುತ್ತದೆ. ಅನೀಕಿನಿಯಲ್ಲಿ 2,187 ರಥ. ಹತ್ತು ಅನೀಕಿನಿಗೆ ಒಂದು ಅಕ್ಷೌಹಿಣಿ: 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಎರಡು ಸಲ ಮೂರು ಪಟ್ಟು ಮಾಡಿದರೆ ಒಂಬತ್ತು ಪಟ್ಟು; ಏಳು ಸಲ ಮಾಡಿದ ಮೇಲೆ ಒಂಬತ್ತು ಎಲ್ಲಿಗೆ ತಪ್ಪಿಸಿಕೊಂಡು ಹೋದೀತು? 108ರದೂ ಇದೇ ಕಥೆ. ಹನ್ನೆರಡು ರಾಶಿಗೆ ಒಂಬತ್ತು ಗ್ರಹ, ಇಲ್ಲವೇ ಇಪ್ಪತ್ತೇಳು ನಕ್ಷತ್ರಕ್ಕೆ ನಾಲ್ಕು ನಾಲ್ಕು ಪಾದ.

ಇಲ್ಲೊಂದು ಮಾತು ಹೇಳಲೇಬೇಕು. ಗೀತೆಯ ಅಧ್ಯಾಯ 18 ಎಂದು ಹೇಳುವವರು ಅದೇ ಗೀತೆಯ 700 ಶ್ಲೋಕಗಳ ವಿಷಯಕ್ಕೆ ಬರುವುದಿಲ್ಲ. ವಾಲ್ಮೀಕಿ ರಾಮಾಯಣದ 24,000 ಶ್ಲೋಕ ಕೂಡಿದರೆ ಆರು, ಋಗ್ವೇದದ 1,028 ಸೂಕ್ತ ಕೂಡಿದರೆ ಎರಡು. ಇವು ಪವಿತ್ರವಲ್ಲವೇ? ಹೊಂದಿದ್ದನ್ನು ಎತ್ತಿಟ್ಟುಕೊಂಡು ಹೊಂದದ್ದನ್ನು ಬಿಡುವ ಚಾಳಿ ನಮ್ಮೆಲ್ಲರಿಗೂ ಇದೆ. ವಾಹನದ ನಂಬರಿನಲ್ಲೂ ಅಷ್ಟೇ: 1ರಿಂದ 9999ರವರೆಗಿನ ಸಂಖ್ಯೆಗಳಲ್ಲಿ ಸರಿಯಾಗಿ 1,111ರ ಕೂಡು ಒಂಬತ್ತು. ಅದೃಷ್ಟ ಅಷ್ಟು ಧಾರಾಳವಾಗಿರುವಾಗ ಫ್ಯಾನ್ಸಿ ನಂಬರಿನ ಹರಾಜಿನಲ್ಲಿ ಸಾವಿರಾರು ರೂಪಾಯಿ ಸುರಿಯುವುದನ್ನು ನೋಡಿದರೆ ನನಗೆ ಹೊಟ್ಟೆ ಚುರ್ ಎನ್ನುತ್ತದೆ.

ಒಂಬತ್ತರಿಂದ ನಿಜವಾಗಿ ಉಪಕಾರ ಪಡೆದವರು ಲೆಕ್ಕ ಬರೆಯುವವರು. ಕೈಬರಹದ ಲೆಡ್ಜರಿನಲ್ಲಿ ಎರಡು ಬದಿಯ ಮೊತ್ತ ತಾಳೆಯಾಗದಿದ್ದಾಗ ಅನುಭವಸ್ಥರು ಮೊದಲು ನೋಡುತ್ತಿದ್ದುದು ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆಯೇ ಎಂದು. 90 ಬಂದರೆ ಎಲ್ಲೋ 5,430ನ್ನು 5,340 ಎಂದು ಬರೆದಿರುವ ಸಂಭವ ಹೆಚ್ಚು. ಅಂಕಿ ಅದಲುಬದಲಾದರೆ ನೋಟುಗಳ ಎಣಿಕೆ ಬದಲಾಗುವುದಿಲ್ಲ, ಹಂಚಿದ ಮೇಲಿನ ಬಾಕಿಯೂ ಬದಲಾಗುವುದಿಲ್ಲ; ಆದ್ದರಿಂದ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಇರಬೇಕು.

ಇದೇ ಅದಲುಬದಲಿನ ಆಟವನ್ನು ನಾಸಿಕದ ಬಳಿಯ ದೇವಳಾಲಿಯ ಶಾಲಾ ಮೇಷ್ಟ್ರು ದ.ರಾ. ಕಾಪ್ರೇಕರ್ ಬಹಳ ದೂರ ಕೊಂಡೊಯ್ದರು. ನಾಲ್ಕು ಅಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಒಂದೇ ಅಂಕಿ ಆಗಿರಬಾರದು. 3524 ಎನ್ನಿ. ಅಂಕಿಗಳನ್ನು ಇಳಿಕೆಯಲ್ಲಿ ಬರೆದು ಏರಿಕೆಯದನ್ನು ಕಳೆಯಿರಿ: 5432ರಲ್ಲಿ 2345 ಹೋದರೆ 3087. ಮತ್ತೆ ಹಾಗೆಯೇ 8730ರಲ್ಲಿ 0378 ಹೋದರೆ 8352. ಮತ್ತೊಮ್ಮೆ, 8532ರಲ್ಲಿ 2358 ಹೋದರೆ 6174. ಇನ್ನು ಎಷ್ಟು ಸಲ ಮಾಡಿದರೂ 6174 ಕದಲುವುದಿಲ್ಲ. ಎಲ್ಲಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬರುತ್ತೀರಿ. ಅದರ ಕೂಡು ಒಂಬತ್ತೇ ಏಕೆ ಎಂಬುದನ್ನು ನಮ್ಮ ನೋಟಿನ ಲೆಕ್ಕ ಹೇಳುತ್ತದೆ, ಆದರೆ 6174ರಲ್ಲೇ ಏಕೆ ನಿಲ್ಲುತ್ತದೆ ಎಂಬುದನ್ನು ಹೇಳುವುದಿಲ್ಲ. ಮೂರು ಅಂಕಿಯವು 495ಕ್ಕೆ ಬಂದು ನಿಲ್ಲುತ್ತವೆ. ಐದು ಅಂಕಿಯದನ್ನು ಹಿಡಿದು ಕೂರಬೇಡಿ. ಅವು ಎಲ್ಲಿಯೂ ನಿಲ್ಲದೆ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತವೆ.