ಒಡಂಬಡಿಕೆ: ಪ್ರಾಚೀನ ಇಸ್ರಾಯೇಲಿನ ಕಾನೂನನ್ನು ಹಿಡಿದಿಟ್ಟ ಕಟ್ಟು

ಹೀಬ್ರೂ ಧರ್ಮಗ್ರಂಥ 'ಬೆರೀತ್' ಎಂದು ಕರೆಯುವುದನ್ನು ಕನ್ನಡ ಬೈಬಲ್ 'ಒಡಂಬಡಿಕೆ' ಎನ್ನುತ್ತದೆ. ಆಣೆಯಿಟ್ಟು, ಮುರಿದರೆ ಶಾಪ ತಟ್ಟಲಿ ಎಂದು ಒಪ್ಪಿ ಕಟ್ಟಿಕೊಳ್ಳುವ ಸಂಬಂಧ ಅದು. ಹೊಲ ಕೊಂಡು ಹಣ ಸಂದಾಯವಾದರೆ ಕರಾರು ತೀರಿತು. ಒಡಂಬಡಿಕೆ ಹಾಗೆ ತೀರುವುದಿಲ್ಲ, ಮಾಡಿಕೊಂಡವರ ಸಂತತಿಯನ್ನೂ ಅದು ಹಿಡಿದಿಡುತ್ತದೆ. ಮುಂದೆ ಇಸ್ರಾಯೇಲಿನ ಅರಸನಾದ ದಾವೀದ ಮತ್ತು ಅವನಿಗಿಂತ ಮುಂಚಿನ ಅರಸ ಸೌಲನ ಮಗ ಯೋನಾತಾನ, ಇವರ ಗೆಳೆತನಕ್ಕೂ ಇದೇ ಹೆಸರಿದೆ. ಯೋನಾತಾನ ಸತ್ತು ವರ್ಷಗಳು ಕಳೆದ ಮೇಲೂ ಅವನ ಮಗನಿಗೆ, ಎರಡೂ ಕಾಲು ಕುಂಟಾಗಿದ್ದ ಮೆಫೀಬೋಶೆತನಿಗೆ, ದಾವೀದನು ತನ್ನ ಪಂಕ್ತಿಯಲ್ಲಿ ಊಟಕ್ಕೆ ಜಾಗ ಕೊಟ್ಟದ್ದು ಆ ಋಣದಿಂದಲೇ.

ಒಡಂಬಡಿಕೆ ಮಾಡಿಕೊಳ್ಳುವ ಬಗೆ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಕಣ್ಣಿಗೆ ಕಟ್ಟುವಂತಿದೆ. ಇಸ್ರಾಯೇಲರ ಮೂಲಪುರುಷ ಅಬ್ರಾಮನು (ಮುಂದೆ ಅಬ್ರಹಾಮ) ದೇವರ ಮಾತಿನಂತೆ ಮೂರು ವರ್ಷದ ಕಡಸು, ಆಡು, ಟಗರುಗಳನ್ನು ತಂದು, ನಡುವೆ ಸೀಳಿ, ಹೋಳುಗಳನ್ನು ಎದುರುಬದುರಾಗಿ ಇಟ್ಟು, ಮೇಲೆರಗುವ ಹದ್ದುಗಳನ್ನು ಓಡಿಸುತ್ತಾನೆ. ಹೊತ್ತು ಮುಳುಗಿ ಕತ್ತಲು ಕವಿದಾಗ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಆ ಹೋಳುಗಳ ನಡುವೆ ಹಾದುಹೋಗುತ್ತವೆ. ಹಾಗೆ ಹಾಯುವುದರ ಅರ್ಥವನ್ನು ಯೆರೆಮೀಯನ ಗ್ರಂಥ ಬಿಡಿಸಿ ಹೇಳುತ್ತದೆ. ಬಾಬಿಲೋನಿನ ಸೈನ್ಯ ಯೆರೂಸಲೇಮಿನ ಮೇಲೆ ಬಂದಿದ್ದಾಗ, ಚಿದ್ಕೀಯ ಅರಸನ ಕಾಲದ ಪ್ರಮುಖರು ಕರುವಿನ ಹೋಳುಗಳ ನಡುವೆ ನಡೆದು ತಮ್ಮ ಹೀಬ್ರೂ ದಾಸದಾಸಿಯರನ್ನು ಬಿಡುಗಡೆ ಮಾಡಿದರು, ಆಮೇಲೆ ಅವರನ್ನೇ ಮತ್ತೆ ದುಡಿತಕ್ಕೆ ಎಳೆದು ತಂದರು. ಅವರ ಗತಿಯೂ ಆ ಕರುವಿನ ಗತಿಯೇ ಎಂದು ಪ್ರವಾದಿ ನುಡಿಯುತ್ತಾನೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಆದಿಕಾಂಡಕ್ಕೆ ಮರಳಿದರೆ ಅಲ್ಲಿ ಅಬ್ರಾಮನು ಗಾಢನಿದ್ರೆಯಲ್ಲಿದ್ದಾನೆ, ಒಲೆ, ಪಂಜುಗಳ ರೂಪದಲ್ಲಿ ಹೋಳುಗಳ ನಡುವೆ ಹಾದವನು ದೇವರೊಬ್ಬನೇ. ನನ್ನ ಮಟ್ಟಿಗೆ ಆ ಅಧ್ಯಾಯದ ತಿರುಳು ಇದು: ಶಾಪದ ಹೊಣೆಯನ್ನು ಬಲಿಷ್ಠನೇ ಹೊತ್ತುಕೊಳ್ಳುತ್ತಾನೆ.

ಸೀನಾಯಿ ಬೆಟ್ಟದ ಒಡಂಬಡಿಕೆಯಲ್ಲಿ ಜನರೂ ಬಾಯಿಬಿಟ್ಟು ಒಪ್ಪಬೇಕು. ಇಸ್ರಾಯೇಲರನ್ನು ಐಗುಪ್ತದಿಂದ (ಈಜಿಪ್ಟಿನಿಂದ) ಕರೆತಂದ ನಾಯಕ ಮೋಶೆ ಒಡಂಬಡಿಕೆಯ ಗ್ರಂಥವನ್ನು ಓದುತ್ತಾನೆ, ಜನರು ಹಾಗೇ ನಡೆಯುವೆವು ಎನ್ನುತ್ತಾರೆ, ಬಲಿಯ ರಕ್ತದ ಅರ್ಧ ಯಜ್ಞವೇದಿಗೂ ಉಳಿದರ್ಧ ಜನರ ಮೇಲೂ ಬೀಳುತ್ತದೆ. ಕ್ರಿಸ್ತಪೂರ್ವ 14–13ನೆಯ ಶತಮಾನಗಳಲ್ಲಿ ಈಗಿನ ಟರ್ಕಿಯಲ್ಲಿ ಆಳಿದ ಹಿಟ್ಟೈಟ್ ಚಕ್ರವರ್ತಿಗಳು ಸಾಮಂತರೊಂದಿಗೆ ಮಾಡಿಕೊಂಡ ಒಪ್ಪಂದಗಳಿಗೂ ಇದಕ್ಕೂ ಇರುವ ಹೋಲಿಕೆಯನ್ನು 1954ರಲ್ಲಿ ಅಮೆರಿಕದ ಬೈಬಲ್ ವಿದ್ವಾಂಸ ಜಾರ್ಜ್ ಮೆಂಡೆನ್‌ಹಾಲ್ ಎತ್ತಿ ತೋರಿಸಿದರು. ಆ ಒಪ್ಪಂದಗಳಲ್ಲಿ ಚಕ್ರವರ್ತಿಯ ಬಿರುದುಗಳಾದ ಮೇಲೆ ಅವನು ಮಾಡಿದ ಉಪಕಾರದ ಕಥೆ ಬರುತ್ತದೆ. ಕಟ್ಟಳೆಗಳು, ಸಾಕ್ಷಿ ದೇವತೆಗಳು, ಆಶೀರ್ವಾದ ಮತ್ತು ಶಾಪಗಳೆಲ್ಲ ಅದರ ನಂತರ. ಹತ್ತು ಆಜ್ಞೆಗಳೂ 'ನಿಮ್ಮನ್ನು ಐಗುಪ್ತದ ದಾಸತ್ವದಿಂದ ಬಿಡಿಸಿದವನು ನಾನು' ಎಂಬ ಮಾತಿನಿಂದಲೇ ಆರಂಭವಾಗುತ್ತವೆ.

ಕಾನೂನಿನ ಒಡಲು ಇಸ್ರಾಯೇಲಿಗೆ ಮಾತ್ರ ಸೇರಿದ್ದಲ್ಲ. ಕೊಂಬಿನಿಂದ ಹಾಯುವ ಎತ್ತಿನ ವಿಷಯದಲ್ಲಿ ಬೈಬಲಿನ ಎರಡನೆಯ ಪುಸ್ತಕ ವಿಮೋಚನಕಾಂಡ ವಿಧಿಸುವುದಕ್ಕೆ ಹತ್ತಿರದ ವಿಧಿಗಳು ಅದಕ್ಕಿಂತ ಬಹಳ ಹಿಂದಿನ, ಬಾಬಿಲೋನಿನ ಅರಸ ಹಮ್ಮುರಾಬಿಯ ಶಾಸನದಲ್ಲಿವೆ. ವ್ಯತ್ಯಾಸ ಇರುವುದು ಕೊಡುವವನಲ್ಲಿ. ಬಾಬಿಲೋನಿನಲ್ಲಿ ಕಾನೂನು ಅರಸನ ಹೆಸರಿನಲ್ಲಿ ಹೊರಡುತ್ತದೆ. ಬೈಬಲಿನ ಇನ್ನೊಂದು ಕಾನೂನು ಪುಸ್ತಕವಾದ ಧರ್ಮೋಪದೇಶಕಾಂಡದಲ್ಲಾದರೋ ಅರಸನೇ ಕಾನೂನಿನ ಒಂದು ಪ್ರತಿಯನ್ನು ಬರೆದಿಟ್ಟುಕೊಂಡು ಬಾಳಿನುದ್ದಕ್ಕೂ ಓದಬೇಕು. ಪರದೇಶಿಯನ್ನು ಹಿಂಸಿಸಬೇಡಿ, ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ ಎಂದು ಕಟ್ಟಳೆಗೆ ನೆನಪನ್ನೇ ಕಾರಣವಾಗಿ ಕೊಡುವ ರೀತಿ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುತ್ತದೆ. ಮೋಶೆಯ ಅದೇ ಧರ್ಮಶಾಸ್ತ್ರ ಹೀಬ್ರೂ ದಾಸನಿಗೆ ಏಳನೆಯ ವರ್ಷ ಬಿಡುಗಡೆ ಕೊಟ್ಟು, ಯಾಜಕಕಾಂಡವೆಂಬ ಪುಸ್ತಕದಲ್ಲಿ ಪರದೇಶದ ದಾಸರನ್ನು ಪಿತ್ರಾರ್ಜಿತ ಸ್ವತ್ತಿನಂತೆ ಮಕ್ಕಳಿಗೆ ಬಿಟ್ಟುಹೋಗಲು ಅನುಮತಿ ನೀಡುತ್ತದೆಂಬುದನ್ನೂ ಮರೆಮಾಚಬಾರದು.

ಬಡವನ ಹೊದಿಕೆಯನ್ನು ಒತ್ತೆಯಾಗಿ ತೆಗೆದುಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂದಕ್ಕೆ ಕೊಡಬೇಕು, ಇಲ್ಲದಿದ್ದರೆ ಅವನು ಏನನ್ನು ಹೊದ್ದು ಮಲಗಬೇಕು ಎಂದು ವಿಮೋಚನಕಾಂಡ ಕೇಳುತ್ತದೆ. ಒತ್ತೆಯ ಬಟ್ಟೆಗಳನ್ನೇ ಹಾಸಿಕೊಂಡು ಯಜ್ಞವೇದಿಗಳ ಪಕ್ಕದಲ್ಲಿ ಒರಗುವವರಿಗೆ ಪ್ರವಾದಿ ಆಮೋಸನು ಛೀಮಾರಿ ಹಾಕುವುದನ್ನು ನೋಡಿದರೆ, ಈ ಕಟ್ಟಳೆ ಎಷ್ಟರಮಟ್ಟಿಗೆ ಪಾಲನೆಯಾಗುತ್ತಿತ್ತೆಂಬ ಸಂಶಯ ಸಹಜ. 1960ರಲ್ಲಿ ಟೆಲ್ ಅವೀವ್‌ನ ದಕ್ಷಿಣಕ್ಕೆ, ಕಡಲತೀರದ ಮೆಸಾದ್ ಹಷವ್ಯಾಹು ಎಂಬ ಹಳೆಯ ಕೋಟೆಯಲ್ಲಿ, ಮಡಕೆಯ ಚೂರಿನ ಮೇಲೆ ಶಾಯಿಯಲ್ಲಿ ಬರೆದ ಅಹವಾಲೊಂದು ಸಿಕ್ಕಿತು. ಕ್ರಿಸ್ತಪೂರ್ವ 7ನೆಯ ಶತಮಾನದ ಕೊನೆಯ ಭಾಗದ್ದೆಂದು ಅದನ್ನು ಗುರುತಿಸಲಾಗಿದೆ. ಕೊಯ್ಲಿನ ಆಳೊಬ್ಬ ಅಧಿಕಾರಿಗೆ ಹೇಳಿಕೊಳ್ಳುತ್ತಾನೆ: ತಾನು ಕೊಯ್ದು ಅಳೆದು ಮುಗಿಸಿದ್ದೆ, ಆದರೂ ಶೋಬೈಯ ಮಗ ಹೋಷಯಾಹು ಬಂದು ತನ್ನ ಬಟ್ಟೆಯನ್ನು ಕಿತ್ತುಕೊಂಡ, ಬಿಸಿಲಿನಲ್ಲಿ ಜೊತೆಗೆ ಕೊಯ್ದ ಅಣ್ಣತಮ್ಮಂದಿರು ತನ್ನ ಪರ ಸಾಕ್ಷಿ ಹೇಳುವರು. ಒಡಂಬಡಿಕೆಯ ಹೆಸರನ್ನಾಗಲಿ ಮೋಶೆಯ ಹೆಸರನ್ನಾಗಲಿ ಅವನು ಎತ್ತುವುದಿಲ್ಲ. ಬರೆದ ಕಾನೂನು ಅವನಿಗೆ ಗೊತ್ತಿತ್ತೇ, ಇಲ್ಲವೇ ಬಟ್ಟೆ ಕಸಿಯುವುದು ತಪ್ಪೆಂಬುದು ಕೊಯ್ಲಿನವರೆಲ್ಲರಿಗೂ ತಿಳಿದ ರೂಢಿಯಾಗಿತ್ತೇ ಎಂಬ ಬಗ್ಗೆ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ನನಗೆ ಎರಡನೆಯದೇ ಹೆಚ್ಚು ಸಂಭವವೆನಿಸುತ್ತದೆ.